ಮೂಳೆಗೆ ಹೊಲಿದ ಬಟ್ಟೆ

ದೆಯೊಲಿಂದಾಳ ಊಟದ ಮೇಜಿನ ಮೇಲೆ ಆ ಮರದ ಪೆಟ್ಟಿಗೆಯನ್ನು ಮೊದಲ ಸಲ ಕಂಡಾಗ ಪಕ್ಕದ ಮನೆಯ ಪದ್ಮಿನಿ ಅದನ್ನು ಹೊಲಿಗೆ ಸಾಮಾನಿನ ಪೆಟ್ಟಿಗೆ ಎಂದುಕೊಂಡಳು. ಹಾಗೆ ಅಂದುಕೊಂಡದ್ದರಲ್ಲಿ ಅವಳ ತಪ್ಪೇನೂ ಇಲ್ಲ. ಮೊಳಕ್ಕಿಂತ ತುಸು ಉದ್ದದ ಪೆಟ್ಟಿಗೆ, ಅದರೊಳಗೆ ದಾರದ ಉಂಡೆ, ಕತ್ತರಿ. ಎಪ್ಪತ್ತೆಂಟರ ಮುದುಕಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಬಿಳಿ ಬಟ್ಟೆಯೊಂದರ ಅಂಚಿಗೆ ನೀಲಿ ಹೂವಿನ ಕಸೂತಿ ಹಾಕುತ್ತಿದ್ದಳು.

"ಎಷ್ಟು ಚೆನ್ನಾಗಿದೆ ಆಂಟಿ! ಯಾರಿಗೆ ಇದು? ಯಾರ ಮನೇಲಾದ್ರೂ ಪಾಪು ಆಗಿದ್ಯಾ?"

"ನನ್ನ ಗಂಡನಿಗೆ," ಎಂದಳು ದೆಯೊಲಿಂದಾ ತಲೆಯೆತ್ತದೆ. "ಅವನ ಮೂಳೆ ಸುತ್ತೋಕೆ."

ಪದ್ಮಿನಿ ತಂದಿದ್ದ ಚಿತ್ರಾನ್ನದ ಡಬ್ಬಿ ಅವಳ ಕೈಯಲ್ಲೇ ಉಳಿಯಿತು.

"ಅದಕ್ಕೇನು ಹಾಗೆ ಕಣ್ಣು ಬಿಡ್ತೀಯಾ? ಮೂಳೆ ಅಂದ್ರೆ ಮೂಳೆ. ಕೂತ್ಕೋ, ಕಾಫಿ ಮಾಡ್ತೀನಿ."

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಒಬ್ಬಳು ಪೋರ್ಚುಗಲ್ಲಿನ ಮುದುಕಿ, ಇನ್ನೊಬ್ಬಳು ಗಂಡ ಕೇಶವನ ಐಟಿ ಕೆಲಸದ ಬೆನ್ನಿಗೆ ಮೈಸೂರಿನಿಂದ ನೆದರ್ಲೆಂಡ್ಸಿನ ಈ ರೈಸ್‌ವೈಕ್‌ಗೆ ಬಂದವಳು. ಇಬ್ಬರಿಗೂ ಡಚ್ ಅರೆಬರೆ. ಡಚ್ ಮುಗಿದಲ್ಲಿ ಇಂಗ್ಲಿಷು, ಇಂಗ್ಲಿಷು ಮುಗಿದಲ್ಲಿ ಕೈಸನ್ನೆ. ಆ ಕಲಸುಮೇಲೋಗರವನ್ನು ಇದ್ದ ಹಾಗೇ ಬರೆದರೆ ಓದುವವರು ಪುಸ್ತಕ ಮುಚ್ಚಿಟ್ಟಾರು. ಆದ್ದರಿಂದ ಅವರ ಮಾತು ನಮ್ಮ ಕಿವಿಗೆ ಹೇಗೆ ಬೀಳಬೇಕೋ ಹಾಗೆ ಬರೆದಿದ್ದೇನೆ.

ದೆಯೊಲಿಂದಾ ಹುಟ್ಟಿದ್ದು ಪೋರ್ಚುಗಲ್ಲಿನ ಬಡಗು ಮೂಲೆಯಲ್ಲಿ, 'ಬೆಟ್ಟಗಳ ಆಚೆ' ಎಂದೇ ಹೆಸರಿರುವ ಸೀಮೆಯ ಒಂದು ಹಳ್ಳಿಯಲ್ಲಿ. ಅಲ್ಲಿ ಸತ್ತವರನ್ನು ಒಂದು ಸಲ ಹೂತರೆ ಕೆಲಸ ಮುಗಿಯುವುದಿಲ್ಲ. ಮಣ್ಣು ತನ್ನ ಪಾಲನ್ನು ತಿಂದು ಮುಗಿಸಲು ಕೆಲವು ವರ್ಷ ಬಿಡುತ್ತಾರೆ. ಆಮೇಲೆ ಒಂದು ದಿನ ಗುಂಡಿ ತೋಡುವವನು ತಾನಾಗಿ ಮನೆ ಬಾಗಿಲಿಗೆ ಬಂದು, ಟೋಪಿ ತೆಗೆದು, "ನಾಳೆ ನಿಮ್ಮವರನ್ನು ಎತ್ತುತ್ತೇವೆ" ಎಂದು ಹೇಳಿಹೋಗುತ್ತಾನೆ. ಮಾರನೆಯ ಬೆಳಿಗ್ಗೆ ಮನೆಯ ಹೆಂಗಸರು ನೀರು, ಸಾರಾಯಿ, ಬಿಳಿ ಬಟ್ಟೆ ಹಿಡಿದು ಹೋಗುತ್ತಾರೆ. ಒಂದೊಂದೇ ಮೂಳೆಯನ್ನು ತೊಳೆದು ಒರೆಸಿ, ಬಟ್ಟೆಯಲ್ಲಿ ಸುತ್ತಿ, ಪುಟ್ಟ ಪೆಟ್ಟಿಗೆಯಲ್ಲಿಟ್ಟು, ಸ್ಮಶಾನದ ಗೋಡೆಯಲ್ಲಿ ಆ ಮನೆತನಕ್ಕೆಂದೇ ಇರುವ ಗೂಡಿಗೆ ಸೇರಿಸುತ್ತಾರೆ. ದೆಯೊಲಿಂದಾ ಹುಡುಗಿಯಾಗಿದ್ದಾಗ ತನ್ನ ಅಜ್ಜಿಯ ತಲೆಬುರುಡೆಯನ್ನು ತೊಡೆಯ ಮೇಲಿಟ್ಟುಕೊಂಡು ಒರೆಸಿದ್ದಳು. ಹೆದರಿಕೆ ಏನೂ ಆಗಿರಲಿಲ್ಲ. ಎಷ್ಟೆಂದರೂ ಅಜ್ಜಿಯಲ್ಲವೇ.

"ನಮ್ಮಲ್ಲೂ ಮೂಳೆ ಆರಿಸ್ತಾರೆ ಆಂಟಿ," ಎಂದಳು ಪದ್ಮಿನಿ. "ಆದ್ರೆ ಸುಟ್ಟ ಮೇಲೆ. ನಮ್ಮಪ್ಪಂದು ಶ್ರೀರಂಗಪಟ್ಟಣಕ್ಕೆ ತಗೊಂಡ್ಹೋಗಿ ಕಾವೇರೀಲಿ ಬಿಟ್ವಿ. ಕಾರಲ್ಲಿ ನಮ್ಮಣ್ಣ ತೊಡೆ ಮೇಲೆ ಇಟ್ಕೊಂಡಿದ್ದ, ನಾನು ಪಕ್ಕದಲ್ಲಿ ಕೂತಿದ್ದೆ."

ದೆಯೊಲಿಂದಾ ಸೂಜಿ ಕೆಳಗಿಟ್ಟು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. "ಸುಟ್ರಾ? ಹೆತ್ತ ಅಪ್ಪನನ್ನ? ಅಯ್ಯೋ ಕಂದಾ, ನಿಮಗೆ ಹೇಗೆ ಮನಸ್ಸು ಬಂತು!"

"ಅದು ನಮ್ಮ ಪದ್ಧತಿ ಆಂಟಿ."

"ಸುಟ್ಟಿದ್ದೂ ಅಲ್ಲದೆ ನೀರಿಗೆ ಬೇರೆ ಹಾಕಿದ್ರಾ! ಪಾಪ, ಆ ಮನುಷ್ಯ ನಿಮಗೆ ಅಂಥದ್ದೇನು ಮಾಡಿದ್ದ?"

ಪದ್ಮಿನಿಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕದ್ದು ನೋಡಿ ಮುದುಕಿಯೂ ನಕ್ಕಳು. ನಕ್ಕು ನಕ್ಕು ಕಣ್ಣು ಒರೆಸಿಕೊಂಡು ಮತ್ತೆ ಸೂಜಿ ಹಿಡಿದಳು.

ಅವಳ ಗಂಡ ಅದೆಲಿನೊ ಈ ದೇಶಕ್ಕೆ ಬಂದದ್ದು ಸುಖ ಹುಡುಕಿಕೊಂಡಲ್ಲ. ಆಗ ಪೋರ್ಚುಗಲ್ ಆಫ್ರಿಕಾದ ತನ್ನ ವಸಾಹತುಗಳಲ್ಲಿ ಯುದ್ಧ ಮಾಡುತ್ತಿತ್ತು. ಹಳ್ಳಿಯ ಹುಡುಗರನ್ನೆಲ್ಲ ಹಡಗಿಗೆ ತುಂಬಿ ಕಳಿಸುತ್ತಿದ್ದರು. ಕೆಲವರು ಪೆಟ್ಟಿಗೆಯಲ್ಲಿ ವಾಪಸು ಬಂದರು, ಕೆಲವರು ಅದೂ ಇಲ್ಲ. ಅದೆಲಿನೊ ಬಂದೂಕು ಹಿಡಿಯಲಾರೆ ಎಂದು ಕತ್ತಲಲ್ಲಿ ಬೆಟ್ಟ ದಾಟಿ, ಸ್ಪೇನ್ ದಾಟಿ, ಫ್ರಾನ್ಸ್ ದಾಟಿ ಇಲ್ಲಿ ಬಂದು ಬಿದ್ದ. ರೈಸ್‌ವೈಕ್‌ನ ಆಚೆ ಗಾಜಿನ ಮನೆಗಳಲ್ಲಿ ಟೊಮೆಟೊ ಕೀಳುವ ಕೆಲಸ ಹಿಡಿದ. ಅವನ ಹಿಂದೆಯೇ ದೆಯೊಲಿಂದಾ ಬಂದಳು. ಊರಲ್ಲಿ ಕ್ರಾಂತಿಯಾಗಿ, ಯುದ್ಧ ನಿಂತು, ಓಡಿಹೋದವರೆಲ್ಲ ಧೈರ್ಯವಾಗಿ ಮರಳಬಹುದು ಎಂದಾದಾಗ ಮಗಳು ಸಾಂದ್ರಾ ಹೊಟ್ಟೆಯಲ್ಲಿದ್ದಳು. ಹೆರಿಗೆಯಾಗಲಿ, ಆಮೇಲೆ ಹೋಗೋಣ ಎಂದರು. ಶಾಲೆ ಮುಗಿಯಲಿ ಎಂದರು. ಹಾಗೆ ಎನ್ನುತ್ತಾ ಎನ್ನುತ್ತಾ ಆಯುಷ್ಯವೇ ಕಳೆದುಹೋಯಿತು.

ಅದೆಲಿನೊಗೆ ಈ ನೆಲದ ಮೇಲೆ ಎಂದೂ ನಂಬಿಕೆ ಹುಟ್ಟಲಿಲ್ಲ. ಸಮುದ್ರಕ್ಕಿಂತ ತಗ್ಗಿನಲ್ಲಿರುವ ನೆಲ, ಪಂಪಿನಿಂದ ನೀರು ಎತ್ತಿ ಹಾಕಿ ಹಾಕಿ ಒಣಗಿಸಿಟ್ಟುಕೊಂಡದ್ದು. ಬೆಟ್ಟದ ಮೇಲೆ ಹುಟ್ಟಿದವನಿಗೆ ಅದು ಸೋಜಿಗ, ಅಷ್ಟೇ ದಿಗಿಲು. "ಪಂಪು ಕೆಟ್ಟು ನಿಂತ ದಿನ ಇವರ ಕಥೆ ಏನೇ?" ಎಂದು ನಗುತ್ತಿದ್ದ. ಆಸ್ಪತ್ರೆಯ ಮಂಚದಲ್ಲಿ ಕೊನೆಗೆ ನಗಲಿಲ್ಲ. ಅವಳ ಮಣಿಕಟ್ಟು ಹಿಡಿದುಕೊಂಡು ಹೇಳಿದ: "ನನ್ನನ್ನ ನೀರಿನ ಕೆಳಗೆ ಬಿಟ್ಟುಬಿಡಬೇಡ ಕಣೇ. ಬೆಟ್ಟಕ್ಕೆ ಕರ್ಕೊಂಡ್ಹೋಗು." ಅವಳು ಆಗಲಿ ಎಂದು ಮಾತು ಕೊಟ್ಟಳು.

ಆ ಕಾಲಕ್ಕೆ ಹೇಗ್‌ನಲ್ಲಿ ಪೋರ್ಚುಗೀಸರದ್ದೊಂದು ಕ್ಲಬ್ಬು ಇನ್ನೂ ಉಸಿರಾಡುತ್ತಿತ್ತು. ಯಾರಾದರೂ ಸತ್ತರೆ ಕ್ಲಬ್ಬಿನವರೇ ನಿಂತು ಹೆಣವನ್ನು ವಿಮಾನ ಹತ್ತಿಸುತ್ತಿದ್ದರು. ಕೆಲಸ ಬಿಟ್ಟು ಕರಿ ಕೋಟು ಹಾಕಿಕೊಂಡು ಅರ್ಧ ಕ್ಲಬ್ಬು ಸ್ಕಿಪೋಲ್ ವಿಮಾನ ನಿಲ್ದಾಣಕ್ಕೆ ಹೋಗುತ್ತಿತ್ತು. ಅದೆಲಿನೊನನ್ನೂ ಹಾಗೇ ಕಳಿಸಬಹುದಿತ್ತು. ಅಡ್ಡ ಬಂದವಳು ಸಾಂದ್ರಾ. "ಅಪ್ಪ ಅಲ್ಲಿಗಿಂತ ಇಲ್ಲೇ ಹೆಚ್ಚು ವರ್ಷ ಬದುಕಿದ್ದಾನೆ. ನಾನು ಇಲ್ಲಿದ್ದೀನಿ. ನನಗೆ ಅಪ್ಪ ಬೇಡ್ವಾ?" ಎಂದು ಗೋಳಾಡಿದಳು. ಮಗಳ ಅಳು ನೋಡಲಾರದೆ ದೆಯೊಲಿಂದಾ ಮನಸ್ಸಿನಲ್ಲೇ ಒಂದು ಹಂಚಿಕೆ ಮಾಡಿಕೊಂಡಳು. ಮಾಂಸ ಮಗಳಿಗಿರಲಿ, ಮೂಳೆ ಬೆಟ್ಟಕ್ಕಿರಲಿ. ಈ ದೇಶದಲ್ಲಿ ಗೋರಿಯ ಜಾಗ ಇಪ್ಪತ್ತು ವರ್ಷದ ಬಾಡಿಗೆಗೆ ಎಂದು ಅವಳಿಗೆ ಗೊತ್ತಿತ್ತು. ಇಪ್ಪತ್ತು ವರ್ಷ ಮುಗಿದ ಮೇಲೆ ಎತ್ತಿ ಕೊಡುತ್ತಾರೆ. ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ತಾನೇ ವಿಮಾನ ಹತ್ತಿದರಾಯಿತು. ಸ್ವಲ್ಪ ತಡವಾಗುತ್ತದೆ, ಅಷ್ಟೇ ತಾನೆ? ಅವನಿಗೂ ಗೋರಿಯ ಬಳಿ ಹಾಗೆಂದೇ ಹೇಳಿ ಬಂದಳು.

ಎತ್ತಿ ಕೊಡುತ್ತಾರೆ ಎಂದು ಅವಳಿಗೆ ಹೇಳಿದವರು ಯಾರು? ಯಾರೂ ಇಲ್ಲ. ಅದೂ ಒಂದು ಕೇಳುವ ಮಾತೇ? ಸತ್ತವರ ಮೂಳೆಯನ್ನು ಮನೆಯವರ ಕೈಗೆ ಕೊಡದೆ ಇನ್ನೇನು ಮಾಡುತ್ತಾರೆ?

ಕಳೆದ ಬೇಸಿಗೆಯಲ್ಲಿ ಗೋರಿಯ ಪಕ್ಕ ಒಂದು ಪುಟ್ಟ ಫಲಕ ನೆಟ್ಟಿದ್ದರು. ಅವಧಿ ಮುಗಿದಿದೆ, ಹಕ್ಕುದಾರರು ಕಚೇರಿಗೆ ಬರಬೇಕು ಎಂದು. ಅದನ್ನು ಓದಿ ದೆಯೊಲಿಂದಾಳ ಎದೆ ಹಿಗ್ಗಿತು. ನೆರೆಗೋರಿಗೆ ಹೂವಿಡಲು ಬಂದಿದ್ದ ಹೆಂಗಸಿಗೆ ಅವಳ ನಗುಮುಖ ನೋಡಿ ಗಾಬರಿಯೇ ಆಗಿರಬೇಕು. ಕಚೇರಿಯಲ್ಲಿದ್ದವನು ಒಳ್ಳೆಯವನೇ. ಕಾಫಿ ಕೊಟ್ಟ, ಕುರ್ಚಿ ಎಳೆದು ಕೊಟ್ಟ.

"ಅವಧಿ ಮುಂದುವರಿಸ್ತೀರಾ, ಮೆವ್ರಾವ್?" ಎಂದು ಕೇಳಿದ. ಮೆವ್ರಾವ್ ಎಂದರೆ ಅಮ್ಮನವರೇ ಎಂದ ಹಾಗೆ.

"ಬೇಡ. ಸಾಕು. ತೆಗೀರಿ."

"ಯೋಚನೆ ಮಾಡಿದ್ದೀರಾ?"

"ಇಪ್ಪತ್ತು ವರ್ಷ ಯೋಚನೆ ಮಾಡಿದ್ದೀನಿ."

"ಮೇಲಿನ ಕಲ್ಲು ಬೇಕಾ?"

"ಕಲ್ಲು ನನಗ್ಯಾಕಪ್ಪಾ?"

ತೋರಿಸಿದ ಕಡೆ ಸಹಿ ಹಾಕಿ, ಫೋನ್ ನಂಬರು ಕೊಟ್ಟಳು. ಅವನು ನಂಬರು ಬರೆದುಕೊಂಡದ್ದನ್ನು ಕಣ್ಣಾರೆ ನೋಡಿದಳು. ಆ ಕೆಲಸ ಯಾವಾಗ ಎಂದು ಕೇಳಿದಾಗ, ಚಳಿಗಾಲದಲ್ಲಿ, ಜನ ಕಡಿಮೆ ಇರುವಾಗ ಎಂದ. ಎದ್ದು ನಿಂತು ಅವನ ಕೈ ಕುಲುಕಿ ಬಂದಳು.

ಸಾಂದ್ರಾಳಿಗೆ ಫೋನ್ ಮಾಡಿ, ಅಪ್ಪನ ಗೋರಿ ಇನ್ನು ಬೇಡ ಎಂದು ಹೇಳಿ ಬಂದೆ ಎಂದಳು. ಸಾಂದ್ರಾ ಟಿಲ್‌ಬರ್ಗ್‌ನಲ್ಲಿದ್ದಳು. ಗೋದಾಮುಗಳಿಗೆ ಆಳುಗಳನ್ನು ಒದಗಿಸುವ ಏಜೆನ್ಸಿಯೊಂದರಲ್ಲಿ ಕೆಲಸ. ಆಳುಗಳು ಎಂದರೆ ಬಹುಪಾಲು ಪೋರ್ಚುಗಲ್ಲಿನಿಂದ ಹೊಸದಾಗಿ ಬಂದ ಹುಡುಗರೇ. ಅಪ್ಪ ಬಂದ ದಾರಿಯಲ್ಲೇ ಬಂದವರು, ಆದರೆ ಕತ್ತಲಲ್ಲಿ ಬೆಟ್ಟ ದಾಟಿಯಲ್ಲ, ಅಗ್ಗದ ವಿಮಾನದಲ್ಲಿ. ರಜೆಗೆ ಬರುವವರಿಗೆಂದು ಊರಾಚೆ ಕಟ್ಟಿದ ಮನೆಗಳಲ್ಲಿ ಒಂದೊಂದು ಕೋಣೆಗೆ ಮೂರು ನಾಲ್ಕು ಜನರನ್ನು ತುಂಬಿರುತ್ತಾರೆ. ಕೆಲಸ ಹೋದ ದಿನ ಮನೆಯೂ ಹೋಗುತ್ತದೆ. ಕ್ಲಬ್ಬು ಎಂದರೆ ಅವರಿಗೆ ಏನೆಂದೇ ಗೊತ್ತಿಲ್ಲ. ಹೇಗ್‌ನ ಆ ಕ್ಲಬ್ಬಿದ್ದ ಜಾಗದಲ್ಲಿ ಈಗ ಜಿಮ್ಮು ಇದೆ, ಬಿಡಿ.

ಅಮ್ಮ ಕೊನೆಗೂ ಅಪ್ಪನ ದುಃಖದಿಂದ ಹೊರಗೆ ಬಂದಳು ಎಂದುಕೊಂಡಳು ಸಾಂದ್ರಾ. "ಒಳ್ಳೇದಾಯ್ತಮ್ಮ" ಎಂದು ಡಚ್ಚಿನಲ್ಲಿ ಹೇಳಿ ಫೋನಿಟ್ಟಳು. ಅಮ್ಮ ಪೋರ್ಚುಗೀಸಿನಲ್ಲಿ ಏನು ಕೇಳಿದರೂ ಅವಳು ಉತ್ತರ ಕೊಡುವುದು ಡಚ್ಚಿನಲ್ಲೇ.

ಆಮೇಲಿಂದ ಶುರುವಾಯಿತು ದೆಯೊಲಿಂದಾಳ ಕಾಯುವಿಕೆ. ಪೆಟ್ಟಿಗೆಯನ್ನು ಹೋದ ವರ್ಷ ಊರಿಂದಲೇ ತಂದಿದ್ದಳು. ಪೋರ್ಚುಗೀಸ್ ಅಂಗಡಿಯಿಂದ ಸಾರಾಯಿ ಬಾಟಲಿ ತಂದು ಕಪಾಟಿನಲ್ಲಿಟ್ಟಳು. ಊರಿನ ಗೋಡೆಯ ಗೂಡನ್ನು ತಮ್ಮನಿಂದ ತೊಳೆಸಿದಳು. ಎಲೆ ಉದುರಿದವು, ಚಳಿ ಹಿಡಿಯಿತು. ನವೆಂಬರಿನಲ್ಲಿ ಸತ್ತವರ ಹಬ್ಬಕ್ಕೆ ಹೋದಾಗ ಗೋರಿ ಇದ್ದಲ್ಲೇ ಇತ್ತು. "ಇನ್ನೇನು, ಇನ್ನು ಸ್ವಲ್ಪ ದಿನ" ಎಂದು ಕಲ್ಲು ಸವರಿ ಬಂದಳು. ಆಮೇಲೆ ಮನೆ ಬಿಟ್ಟು ಕದಲಲಿಲ್ಲ. ಅವಳು ಕೊಟ್ಟಿದ್ದು ಮನೆಯ ಫೋನಿನ ನಂಬರು. ತಾನಿಲ್ಲದಾಗ ಅದು ಬಡಿದುಕೊಂಡರೆ? ತಿಂಗಳಿಗೊಮ್ಮೆ ಚರ್ಚಿನಲ್ಲಿ ನಡೆಯುವ ಪೋರ್ಚುಗೀಸ್ ಪೂಜೆಗೂ ಹೋಗಲಿಲ್ಲ. ಹೋದರೂ ಅಲ್ಲಿ ಉಳಿದಿದ್ದವರು ಊರುಗೋಲು ಹಿಡಿದ ಒಂದು ಬೆಂಚಿನಷ್ಟು ಜನ. ದಿನಸಿಯನ್ನು ಪದ್ಮಿನಿಯೇ ತಂದು ಕೊಡುತ್ತಿದ್ದಳು.

"ಆಂಟಿ, ನೀವೇ ಒಂದ್ಸಲ ಫೋನ್ ಮಾಡಿ ಕೇಳಬಾರದಾ?"

"ಛೇ, ಅವಸರ ಮಾಡಿದ್ರೆ ಚೆನ್ನಾಗಿರಲ್ಲ. ಅವರ ಕೆಲಸ ಅವರಿಗೆ ಗೊತ್ತಿರುತ್ತೆ."

ಕ್ರಿಸ್‌ಮಸ್ಸಿಗೆ ಬಂದ ಸಾಂದ್ರಾ ಒಂದು ಸುದ್ದಿ ಹೇಳಿದಳು. ಅವಳ ಏಜೆನ್ಸಿಯ ಹುಡುಗನೊಬ್ಬ ಬೆಳಗಿನ ಪಾಳಿಗೆ ಸೈಕಲ್ಲಿನಲ್ಲಿ ಹೋಗುವಾಗ ಲಾರಿಗೆ ಸಿಕ್ಕಿ ಸತ್ತಿದ್ದ.

"ವಿಮಾನ ನಿಲ್ದಾಣಕ್ಕೆ ಯಾರ್ಯಾರು ಹೋಗಿದ್ರು?" ದೆಯೊಲಿಂದಾ ಕೇಳಿದಳು.

"ಯಾರು ಹೋಗ್ತಾರಮ್ಮ? ಇನ್ಶೂರೆನ್ಸ್ ಕಂಪನಿಯವರು ಕಳಿಸಿದ್ರು. ಅವನ ಕೋಣೆಯವರಿಗೆ ಅವತ್ತು ಪಾಳಿ ಇತ್ತು."

ದೆಯೊಲಿಂದಾ ಎದ್ದು ಹೋಗಿ ಹೆಸರೂ ಗೊತ್ತಿಲ್ಲದ ಆ ಹುಡುಗನಿಗಾಗಿ ಒಂದು ಮೇಣದ ಬತ್ತಿ ಹಚ್ಚಿದಳು. ಎಂಥ ಪಾಪಿ ಕಾಲ ಎಂದುಕೊಂಡಳು.

ಫೆಬ್ರವರಿಯಲ್ಲಿ ಅದೆಲಿನೊ ಸತ್ತ ದಿನ ಬಂತು. ಆ ದಿನಕ್ಕೆ ಗೋರಿಗೆ ಹೋಗದೆ ಇದ್ದ ವರ್ಷವೇ ಇಲ್ಲ. ಫೋನು ಕಾಯಲು ಪದ್ಮಿನಿಯ ಗಂಡ ಕೇಶವನನ್ನು ತನ್ನ ಮನೆಯಲ್ಲಿ ಕೂರಿಸಿದಳು ಮುದುಕಿ. ಅವನು "ವರ್ಕ್ ಫ್ರಮ್ ಹೋಮ್ ತಾನೆ, ಇಲ್ಲೇ ಮಾಡ್ತೀನಿ" ಎಂದು ಲ್ಯಾಪ್‌ಟಾಪು ಹಿಡಿದು ಬಂದು ಕೂತ. ಜಿನುಗು ಮಳೆಯಲ್ಲಿ ಪದ್ಮಿನಿಯ ತೋಳು ಹಿಡಿದುಕೊಂಡು ಟ್ರ್ಯಾಮ್ ಹತ್ತಿದಳು. ಬಿಳಿ ಬಟ್ಟೆ ಕೈಚೀಲದಲ್ಲೇ ಇತ್ತು. ಕಸೂತಿ ಮುಗಿದ ಮೇಲೆ ಅವನಿಗೊಮ್ಮೆ ತೋರಿಸಬೇಕು ಎಂದು ಇಟ್ಟುಕೊಂಡಿದ್ದಳು.

ಗೋರಿ ಸಿಗಲಿಲ್ಲ. ಸಾಲು ತಪ್ಪಿತೇನೋ ಎಂದು ಮುಂದಿನ ಸಾಲಿಗೆ ಹೋದಳು. ಅಲ್ಲೂ ಇಲ್ಲ. ಹಿಂದಕ್ಕೆ ಬಂದಳು. ಗುರುತಿನ ನೀರಿನ ನಲ್ಲಿ ಅಲ್ಲೇ ಇತ್ತು, ಬಾಗಿದ ಮರ ಅಲ್ಲೇ ಇತ್ತು. ಅವೆರಡರ ನಡುವೆ ಇಡೀ ಸಾಲಿಗೆ ಸಾಲೇ ಖಾಲಿ. ಮಣ್ಣನ್ನು ಸಮ ಮಾಡಿ ಹುಲ್ಲಿನ ಬೀಜ ಚೆಲ್ಲಿದ್ದರು. ಎಳೆ ಹುಲ್ಲು ಆಗಲೇ ಅಲ್ಲಲ್ಲಿ ತಲೆಯೆತ್ತಿತ್ತು.

"ಪದ್ಮಿನಿ," ಎಂದಳು ದೆಯೊಲಿಂದಾ. "ನನ್ನ ಕಣ್ಣು ಸರಿ ಕಾಣ್ತಿಲ್ಲ. ನೀನು ನೋಡು."

ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ಕಚೇರಿಯವನು ಕೊಡೆ ಹಿಡಿದು ಬಂದ. ಅದೇ ಮನುಷ್ಯ, ಅದೇ ಸೌಜನ್ಯ. ಜನವರಿಯಲ್ಲಿ ಕೆಲಸ ಮುಗಿಯಿತು, ಎಲ್ಲ ಗೌರವದಿಂದಲೇ ಆಯಿತು, ಸುತ್ತ ಪರದೆ ಕಟ್ಟಿದ್ದೆವು ಎಂದ.

"ನನ್ನ ಗಂಡ ಎಲ್ಲಿ?"

ಅವನು ಬೇಲಿಯ ಹಿಂದಕ್ಕೆ ಕರೆದೊಯ್ದ. ಅಲ್ಲೊಂದು ಅಗಲವಾದ ಹಸಿ ಮಣ್ಣಿನ ಚೌಕ, ಪಕ್ಕಕ್ಕೆ ಹೆಸರಿಲ್ಲದ ಒಂದು ಕಲ್ಲು. ತೆರವಾದ ಗೋರಿಗಳ ಮೂಳೆಯನ್ನೆಲ್ಲ ಒಟ್ಟಿಗೆ ಹೂಳುವ ಗುಂಡಿ. ಮಳೆನೀರು ಇಂಗದೆ ಮಣ್ಣಿನ ಮೇಲೆ ಮಡುಗಟ್ಟಿತ್ತು.

"ಇದರಲ್ಲಿ ಅವನದು ಯಾವುದು?"

"ಬೇರೆ ಮಾಡೋಕಾಗಲ್ಲ, ಮೆವ್ರಾವ್. ಎಲ್ಲರೂ ಜೊತೆಗಿದ್ದಾರೆ."

"ನನಗೆ ಫೋನ್ ಮಾಡಲಿಲ್ಲ ನೀವು."

ಅವನು ನಿಜಕ್ಕೂ ಕಕ್ಕಾಬಿಕ್ಕಿಯಾದ. "ಫೋನಾ? ಬರ್ತೀವಿ ಅಂತ ಮನೆಯವರು ಯಾರೂ ಹೇಳಲ್ಲ. ನೋಡೋಕೆ ಇಷ್ಟ ಪಡಲ್ಲ. ಬೇಕು ಅಂತ ನೀವು ಮುಂಚೆ ಒಂದು ಮಾತು ಹೇಳಿದ್ದಿದ್ರೆ, ಬೇರೆ ಪೆಟ್ಟಿಗೇಲಿ ಹಾಕಿ ಕೊಡ್ತಿದ್ವಿ. ಅದಕ್ಕೆ ಅವಕಾಶ ಇದೆ. ನೀವು ಕೇಳಲೇ ಇಲ್ಲ."

ಪದ್ಮಿನಿಗೆ ತಡೆಯಲಾಗಲಿಲ್ಲ. "ಹೇಳ್ಬೇಕಿತ್ತಾ? ಮನುಷ್ಯರಲ್ವಾ ನೀವು? ಒಂದು ಮಾತು ಕೇಳೋಕೆ ನಿಮಗೇನು ಕಷ್ಟ ಇತ್ತು? ಹೌ ಕೆನ್ ಯು ಡೂ ದಿಸ್!" ಎಂದು ಅವನ ಮೇಲೆ ಎಗರಿಬಿದ್ದಳು. ಅವನು ಮುಖ ಕೆಂಪಗೆ ಮಾಡಿಕೊಂಡು ಕೊಡೆಯನ್ನು ಮುದುಕಿಯ ತಲೆಯ ಮೇಲೆ ಹಿಡಿದು ನಿಂತ, ತಾನು ನೆನೆಯುತ್ತಾ. ಅವನನ್ನು ಬೈದು ಏನು ಸಿಗಬೇಕಿತ್ತು? ಅವನ ಊರಿನಲ್ಲಿ ಮೂಳೆ ನೋಡಲು ಯಾರೂ ಬರುವುದಿಲ್ಲ, ಮುದುಕಿಯ ಊರಿನಲ್ಲಿ ಬರುತ್ತೇವೆಂದು ಯಾರೂ ಕೇಳಿಕೊಳ್ಳಬೇಕಿಲ್ಲ, ಅವರೇ ಬಂದು ಕರೆಯುತ್ತಾರೆ. ಆದರೂ ಬೈಯದೆ ಇರುವುದು ಹೇಗೆ?

ದೆಯೊಲಿಂದಾ ಅಳಲಿಲ್ಲ. ನೀರು ನಿಂತ ಮಣ್ಣಿಗೆ ಕಾಲಿಟ್ಟಳು. ಬೂಟು ಹೂತುಕೊಂಡಿತು. ಬಗ್ಗಿ ಅಂಗೈಯನ್ನು ಆ ನೀರಿನ ಮೇಲೆ ಇಟ್ಟಳು. "ಕ್ಷಮಿಸು ಅದೆಲಿನೊ," ಎಂದಳು. "ಕಾಯ್ತಾ ಕೂತಿದ್ದೆ ಕಣೋ. ಫೋನಿನ ಪಕ್ಕದಲ್ಲೇ ಕೂತಿದ್ದೆ." ಆಮೇಲೆ ಅವಳನ್ನು ಎಬ್ಬಿಸಲು ಪದ್ಮಿನಿಯೂ ಆ ಮನುಷ್ಯನೂ ಇಬ್ಬರೂ ಸೇರಬೇಕಾಯಿತು.

ಶನಿವಾರ ಸಾಂದ್ರಾ ಬಂದಳು. ಬಾಗಿಲಲ್ಲೇ ಅಮ್ಮನನ್ನು ತಬ್ಬಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಕೋಪ ಬಂತು. "ನನ್ನನ್ನ ಒಂದು ಮಾತು ಕೇಳಬಾರದಿತ್ತಾ ಅಮ್ಮ? ಇಲ್ಲಿ ಯಾರೂ ಕರೆಯಲ್ಲ ಅಂತ ನಾನು ಹೇಳ್ತಿದ್ದೆ."

"ನೀನು ಒಳ್ಳೇದಾಯ್ತು ಅಂದೆ."

"ನೀನು ಅಪ್ಪನನ್ನ ಮರೆತೆ ಅಂದ್ಕೊಂಡೆ! ಮೂಳೆಗೆ ಕಾಯ್ತಾ ಇದ್ದೀಯಾ ಅಂತ ನನಗೆ ಹೇಗೆ ಗೊತ್ತಾಗಬೇಕು? ಆ ಪದ್ಧತೀನ ನೀನು ನನಗೆ ಯಾವತ್ತಾದ್ರೂ ಹೇಳಿದ್ದೀಯಾ?"

ದೆಯೊಲಿಂದಾ ಯೋಚಿಸಿದಳು. ಹೇಳಿರಲಿಲ್ಲ. ಉಪ್ಪು ಮೀನು ಬೇಯಿಸುವುದನ್ನು ಕಲಿಸಿದ್ದಳು, ಜಪಮಾಲೆ ಕಲಿಸಿದ್ದಳು. ಪಕ್ಕದ ಮನೆಯ ಹುಡುಗಿಗೆ ಹೇಳಿದ್ದನ್ನು ಹೆತ್ತ ಮಗಳಿಗೆ ಹೇಳಿರಲಿಲ್ಲ. ತನ್ನ ಮಗಳಲ್ಲವೇ, ಗೊತ್ತಿರುತ್ತದೆ ಎಂದುಕೊಂಡಿದ್ದಳು.

ಸಾಂದ್ರಾ ಸಮಾಧಾನದ ದಾರಿ ಹುಡುಕತೊಡಗಿದಳು. ಆ ಗುಂಡಿಯ ಪಕ್ಕ ಅಪ್ಪನ ಹೆಸರಿನ ಫಲಕ ಹಾಕಿಸೋಣ ಎಂದಳು. "ನಿನ್ನನ್ನ ಮಾತ್ರ ಊರಿಗೇ ಕಳಿಸ್ತೀನಿ ಅಮ್ಮ, ಆಣೆ. ಕಾಲ ಬಂದಾಗ ನಾನೇ ಜೊತೆಗೆ ಬಂದು ಅಜ್ಜಿ ಪಕ್ಕ ಮಣ್ಣು ಮಾಡ್ತೀನಿ."

"ಅವನನ್ನ ಇಲ್ಲಿ ನೀರಲ್ಲಿ ಬಿಟ್ಟು ನಾನು ಬೆಟ್ಟದ ಮೇಲೆ ಬಿಸಿಲು ಕಾಯಿಸಿಕೊಂಡು ಮಲಗಲಾ?"

ಬಾಗಿಲು ತಟ್ಟಿ ಪದ್ಮಿನಿ ಒಳಗೆ ಬಂದಳು. ಕೈಯಲ್ಲಿ ಬಿಸಿ ಅನ್ನ, ಸಾರು. ತಾಯಿ ಮಗಳ ಮುಖ ನೋಡಿ ಹಿಂದಿರುಗಲು ಹೊರಟವಳನ್ನು ದೆಯೊಲಿಂದಾ ಕೈ ಹಿಡಿದು ಕೂರಿಸಿದಳು.

"ಪದ್ಮಿನಿ, ಸುಟ್ಟ ಮೇಲೆ ಎಷ್ಟು ಉಳಿಯುತ್ತೆ?"

"ಆಂಟಿ?"

"ನಿಮ್ಮಪ್ಪ. ಎಷ್ಟು ಉಳಿದಿದ್ದ?"

ಪದ್ಮಿನಿ ಎರಡೂ ಕೈ ಅಗಲಿಸಿ, ಮಡಕೆ ಹಿಡಿದ ಹಾಗೆ ತೋರಿಸಿದಳು. "ಇಷ್ಟೇ ಆಂಟಿ. ಒಂದು ಸಣ್ಣ ಮಡಕೆ."

"ಮಣ್ಣಿಗೆ ಸುರಿದರೆ ಇಳಿಯುತ್ತಾ? ಮಳೆ ಬಂದ್ರೆ ಕೆಳಗೆ ಹೋಗುತ್ತಾ?"

"ಹೋಗುತ್ತೆ ಆಂಟಿ."

"ಅಮ್ಮ!" ಎಂದಳು ಸಾಂದ್ರಾ. ಎಷ್ಟೋ ವರ್ಷಗಳ ಮೇಲೆ ಅಮ್ಮನ ಎದುರು ಅವಳ ಬಾಯಿಂದ ಪೋರ್ಚುಗೀಸ್ ಬಂತು. "ಏನು ಮಾತಾಡ್ತಿದ್ದೀಯಾ? ಸುಡೋದು ಪಾಪ ಅಂತ ನೀನೇ ತಾನೆ ಹೇಳ್ತಿದ್ದಿದ್ದು?"

"ಹೇಳ್ತಿದ್ದೆ."

ದೆಯೊಲಿಂದಾ ಪೆಟ್ಟಿಗೆ ತೆರೆದು ಬಟ್ಟೆ ಹೊರತೆಗೆದಳು. ಮೇಜಿನ ಮೇಲೆ ಹರಡಿ, ಪದ್ಮಿನಿ ಕೈಯಲ್ಲಿ ತೋರಿಸಿದಷ್ಟು ಅಳತೆಗೆ ಮಡಿಸಿ ನೋಡಿದಳು. ತೀರಾ ದೊಡ್ಡದಿತ್ತು. ಕತ್ತರಿ ತೆಗೆದುಕೊಂಡು ನೀಲಿ ಹೂಗಳ ನಡುವೆಯೇ ನೇರವಾಗಿ ಕತ್ತರಿಸಿದಳು. ಸಾಂದ್ರಾ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

"ಕೇಳಿಲ್ಲಿ," ಎಂದಳು ಮುದುಕಿ, ಕತ್ತರಿಸಿದ ಅರ್ಧವನ್ನು ಮಗಳ ಕೈಗಿಡುತ್ತಾ. "ನನ್ನನ್ನ ಊರಿಗೆ ಕಳಿಸಬೇಡ. ಸುಡಿಸು. ಇದರಲ್ಲಿ ಕಟ್ಟಿಕೊಂಡು ಹೋಗಿ ಆ ಗುಂಡಿಗೇ ಹಾಕು. ಬೇಕು ಅಂತ ಮುಂಚೇನೇ ಹೋಗಿ ಹೇಳು. ನೀನೇ ನಿಂತು ಹಾಕು ಮಗಳೇ, ಯಾರ ಫೋನಿಗೂ ಕಾಯಬೇಡ."